ಸಮಕಾಲೀನ ಕಾದಂಬರಿಕಾರರಿಗೆ ಆದಿವಾಲದ ಬಿನ್ನವತ್ತಳೆ

ಮಹನೀಯರೇ,

ಹಿರಿಯೂರು ತಾಲ್ಲೂಕು ಆದಿವಾಲದ ಓದುಗರಾದ ನಾವು, ಕನ್ನಡದ ಇಂದಿನ ಕಥೆಗಾರರನ್ನೂ ಕಾದಂಬರಿಕಾರರನ್ನೂ ಒಟ್ಟಿಗೇ ಸನ್ಮಾನಿಸುವುದೆಂದು ತೀರ್ಮಾನಿಸಿದ್ದೇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಶಾಲು ಹೊದಿಸುವ ಶಕ್ತಿ ನಮಗಿಲ್ಲ. ಆದ್ದರಿಂದ ಎಲ್ಲರಿಗೂ ಸೇರಿ ಇದೊಂದೇ ಬಿನ್ನವತ್ತಳೆ. ಬಡವರನ್ನು ಕುರಿತು ತಾವು ಬರೆದದ್ದನ್ನೆಲ್ಲ ಓದಿದ ಮೇಲೂ ಸುಮ್ಮನಿದ್ದರೆ ಕೃತಘ್ನತೆಯಾದೀತು ಎಂದು ಹೆದರಿ ಈ ಕೆಲಸಕ್ಕೆ ಕೈಹಾಕಿದ್ದೇವೆ. ನಮ್ಮ ಸೀಮೆಯಲ್ಲಿ ಮಳೆಗೆ ಬರವುಂಟು, ಬಡವರಿಗಿಲ್ಲ. ತಮ್ಮ ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿದು, ಪುಸ್ತಕದಲ್ಲಿರುವವರನ್ನು ಎದುರಿಗೆ ಕೂರಿಸಿಕೊಂಡು ಓದುವ ಅನುಕೂಲ ನಮಗಿರುವಷ್ಟು ಬೆಂಗಳೂರಿನ ವಿಮರ್ಶಕರಿಗೂ ಇರಲಾರದು.

ದೂರದೃಷ್ಟಿಯ ಧೀಮಂತರೇ,

ಬೆಂಗಳೂರಿನಿಂದ ಧಾರವಾಡದ ಗೋಷ್ಠಿಗೆ ಹೊರಟಾಗ ತಾವು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ದಾಟಿ ನಮ್ಮೂರಿನ ಮಗ್ಗುಲಲ್ಲೇ ಹಾದುಹೋಗುತ್ತೀರಿ. ಹಿರಿಯೂರು ಕಳೆದು ಗುಯಿಲಾಳು ಟೋಲ್ ಮುಟ್ಟುವಷ್ಟರಲ್ಲಿ ತಮಗೆ ಒಂದು ಅಧ್ಯಾಯಕ್ಕಾಗುವಷ್ಟು ಬಡತನ ಕಿಟಕಿಯಲ್ಲಿ ಕಂಡಿರುತ್ತದೆ. ಸೌದೆ ಹೊರೆ ಹೊತ್ತ ಒಬ್ಬ ಹೆಂಗಸು, ಒಂಟಿ ಜಾಲಿ ಮರ, ಡಾಂಬರಿನ ಮೇಲೆ ನಡುಗುವ ಬಿಸಿಲು. ಎಸಿ ಹಾಕಿದ ಕಾರಿನ ಗಾಜು ಇಳಿಸದೆ ಇಷ್ಟನ್ನು ಕಂಡುಕೊಳ್ಳುವುದು ಸಾಮಾನ್ಯದ ಮಾತಲ್ಲ. ಹಿಂದಿನ ತಲೆಮಾರಿನ ಬರಹಗಾರರು ಊರೊಳಗೆ ಬಂದುಬಿಡುತ್ತಿದ್ದರು. ಜಗುಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಇದು ಯಾರ ಹೊಲ, ಗೇಯುವವರು ಯಾರು, ಸಾಲ ಕೊಟ್ಟವರು ಯಾರು ಎಂದು ಕೇಳಿ ಊರಿನ ನೆಮ್ಮದಿ ಕೆಡಿಸುತ್ತಿದ್ದರು. ತಮ್ಮಿಂದ ಅಂಥ ಯಾವ ಉಪದ್ರವವೂ ನಮಗಾಗಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ತಾವು ಕಾಲಚಕ್ರದ ಪ್ರತಿಮೆಯಾಗಿಸಿದ್ದಂತೂ ನಮಗೆ ಬಹಳ ಹಿಡಿಸಿತು. ನಾವು ಅಷ್ಟು ಎತ್ತರಕ್ಕೆ ಯೋಚಿಸಿದವರಲ್ಲ. ಆ ಗುಡ್ಡದ ಬುಡದಲ್ಲಿರುವವನಿಗೆ ಪಂಪ್‌ಸೆಟ್ಟಿನ ಏಳು ಗಂಟೆಯ ತ್ರೀಫೇಸ್ ಕರೆಂಟು ಹಗಲು ಬರುತ್ತದೋ ರಾತ್ರಿ ಬರುತ್ತದೋ, ರಾತ್ರಿ ಬಂದರೆ ನೀರು ತಿರುಗಿಸಲು ಹಾವು ಚೇಳಿನ ನಡುವೆ ಹೋಗುವವನು ಜಮೀನಿನ ಯಜಮಾನನೋ ಆಳೋ ಎಂಬಂಥ ಕ್ಷುಲ್ಲಕ ವಿಚಾರದಲ್ಲೇ ನಮ್ಮ ಆಯುಷ್ಯ ಹೋಯಿತು. ಗಾಳಿಯಂತ್ರ ತಿರುಗುವುದು ಕಾಲವನ್ನು ಸೂಚಿಸಲಿಕ್ಕೆ ಎಂದು ತಿಳಿದ ಮೇಲೆ ಕರೆಂಟಿನ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೇವೆ.

ಇತಿಹಾಸಪ್ರಜ್ಞರೇ,

ನಮ್ಮ ಜಿಲ್ಲೆಗೆ ಕಾದಂಬರಿ ಹೊಸದಲ್ಲ. ತ.ರಾ.ಸು. ಅವರ 'ದುರ್ಗಾಸ್ತಮಾನ' 1982ರಲ್ಲಿ ಬಂತು, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆಯಿತು. ಏಳು ಸುತ್ತಿನ ಕೋಟೆಯ ನಾಯಕರು ಹೇಗೆ ಎದ್ದರು, ಹೇಗೆ ಬಿದ್ದರು ಎಂಬುದನ್ನು ನಮ್ಮ ಕಡೆಯ ಹುಡುಗರು ಪಾಠಪುಸ್ತಕವಿಲ್ಲದೆಯೂ ಒಪ್ಪಿಸಬಲ್ಲರು. ಆ ಏಳು ಸುತ್ತಿಗೆ ಕಲ್ಲು ಹೊತ್ತವರ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಎಲ್ಲರ ಹೆಸರನ್ನೂ ಬರೆಯುತ್ತ ಕೂತರೆ ಮದಕರಿ ನಾಯಕನಿಗೆ ಪುಟ ಸಾಲುವುದಿಲ್ಲ.

ಹಾಗೆಂದು ಬಡವರಿಗೆ ಕಥೆಯಲ್ಲಿ ಜಾಗವೇ ಇಲ್ಲವೆಂದಲ್ಲ. ಕಾವಲುಗಾರನ ಹೆಂಡತಿ ಓಬವ್ವ ನಮ್ಮವಳೇ. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಚಿತ್ರ ಅವಳನ್ನು ಕನ್ನಡದ ಮನೆಮನೆಗೂ ತಲುಪಿಸಿತು. ಸರ್ಕಾರ 2021ರಿಂದ ನವೆಂಬರ್ 11ರಂದು ಅವಳ ಜಯಂತಿಯನ್ನೂ ಆಚರಿಸುತ್ತಿದೆ. ಪ್ರವೇಶದ ನಿಯಮ ಅಂದಿನಿಂದಲೇ ಸ್ಪಷ್ಟವಿದೆ. ಒನಕೆಯಿಂದ ಜೀವಮಾನವಿಡೀ ನವಣೆ, ಸಾವೆ ಕುಟ್ಟಿದವಳಿಗೆ ಕಥೆಯೊಳಗೆ ಜಾಗವಿಲ್ಲ. ಅದೇ ಒನಕೆಯಿಂದ ಒಂದು ಮಧ್ಯಾಹ್ನ ವೈರಿಗಳ ತಲೆ ಕುಟ್ಟಿದರೆ ಉಂಟು. ತಾವು ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದೀರಿ. ತಮ್ಮ ಪುಸ್ತಕದಲ್ಲಿ ಕಾಣಿಸಿಕೊಳ್ಳಬೇಕಾದರೆ ಕೂಲಿಯವನು ಕನಿಷ್ಠಪಕ್ಷ ಸಾಯಲಾದರೂ ಬೇಕು. ಬರೀ ಕೆಲಸ ಮಾಡಿಕೊಂಡು ಬದುಕಿರುವವನಲ್ಲಿ ಕಥೆಯೇನಿದೆ?

ನಿರಪೇಕ್ಷ ಪಾತ್ರಗಳ ನಿರ್ಮಾತೃಗಳೇ,

ಹಳೆಯ ಕಾದಂಬರಿಗಳ ದೊಡ್ಡ ದೋಷವೆಂದರೆ ಅಲ್ಲಿನ ಬಡವರ ದುರಾಸೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರ ಪುಸ್ತಕ. ಚೋಮನಿಗೆ ಏನು ಬೇಕಿತ್ತು? ಜಮೀನು! ಒಂದು ಜೊತೆ ಎತ್ತು ಇಟ್ಟುಕೊಂಡದ್ದೇ ನೆಪವಾಗಿ, ತಾನೂ ಸ್ವಂತಕ್ಕೆ ಬೇಸಾಯ ಮಾಡಬೇಕೆಂದು ಹೋಗಿ ಒಡೆಯ ಸಂಕಪ್ಪಯ್ಯನನ್ನು ಕೇಳಿಯೇಬಿಟ್ಟ. ಮೈಮೇಲಿನ ಸಾಲ ತೀರಿಸಲು ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಯಿತು. ಒಬ್ಬ ಜ್ವರ ಹತ್ತಿ ಸತ್ತ, ಒಬ್ಬ ಮತ ಬಿಟ್ಟ, ಇನ್ನೊಬ್ಬ ನೀರಿನಲ್ಲಿ ಮುಳುಗುವಾಗ ಮೈಲಿಗೆಯಾದೀತೆಂದು ದಡದಲ್ಲಿದ್ದವರು ಕೈಕೊಡಲಿಲ್ಲ. ಇಷ್ಟಾದರೂ ಚೋಮ ಜಮೀನಿನ ಆಸೆ ಬಿಡಲಿಲ್ಲ. ಇಂಥ ಹಟವನ್ನು ಓದುಗ ಹೇಗೆ ಸಹಿಸಬೇಕು? ಪುಸ್ತಕ ಮುಚ್ಚಿದ ಮೇಲೂ ಆ ಜಮೀನು ಚೋಮನಿಗೆ ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆ ತಲೆ ತಿನ್ನುತ್ತಲೇ ಇರುತ್ತದೆ. ನಮ್ಮ ಬಯಲುಸೀಮೆಯಿಂದ ಇವತ್ತಿಗೂ ಕಾಫಿ ಸೀಮೆಗೆ ಗುಳೆ ಹೋಗುವವರಿದ್ದಾರೆ, ಅವರನ್ನು ಕಂಡಾಗಲೆಲ್ಲ ಅದೇ ಪ್ರಶ್ನೆ ಮತ್ತೆ ಬರುತ್ತದೆ.

ತಮ್ಮ ಬಡವ ಅಂಥವನಲ್ಲ. ಅವನು ಎಕರೆ, ಗುಂಟೆ, ಸೇರು, ರೂಪಾಯಿಗಳಲ್ಲಿ ಅಳೆಯಬಹುದಾದ ಯಾವುದನ್ನೂ ಕೇಳುವುದಿಲ್ಲ. ಅವನಿಗೆ ಬೇಕಿರುವುದು ಅಸ್ಮಿತೆ. ಅದನ್ನು ಕೊಡಲು ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಅವನು ದಿಗಂತವನ್ನು ನೋಡುತ್ತಾನೆ, ಅಜ್ಜಿಯ ಹಾಡು ನೆನೆಯುತ್ತಾನೆ, ಮಣ್ಣಿನ ವಾಸನೆಯನ್ನು ಎದೆ ತುಂಬ ಎಳೆದುಕೊಳ್ಳುತ್ತಾನೆ. ಮಣ್ಣು ಯಾರ ಹೆಸರಿನಲ್ಲಿದೆ ಎಂದು ಪಹಣಿ ತೆಗೆಸಿ ನೋಡುವ ಒರಟುತನ ಅವನಲ್ಲಿಲ್ಲ.

ಜಮೀನಿನ ಮಾತು ಬಂದದ್ದರಿಂದ ಇನ್ನೊಂದು ಸಂತೋಷವನ್ನೂ ಹಂಚಿಕೊಳ್ಳಬೇಕು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಉಳುವವನೇ ಹೊಲದೊಡೆಯ ಎಂದಿತು. ಗ್ರಾಂಟ್ ಜಮೀನು ಪರಿಶಿಷ್ಟರ ಕೈ ತಪ್ಪದಿರಲೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಆಮೇಲೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನೇ ತೆಗೆದುಹಾಕಿದರು. ಬೇರೆ ಆದಾಯ ಹೆಚ್ಚಿರುವವರೂ ಸ್ವತಃ ಬೇಸಾಯ ಮಾಡದವರೂ ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಕಲಮುಗಳವು. ಈಗ ಹೆದ್ದಾರಿಯ ಅಕ್ಕಪಕ್ಕದಲ್ಲಿ ವಾರಾಂತ್ಯದ ತೋಟ ಮಾಡಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಹೀಗೆ ಚೋಮನ ಕಥೆ ಕೊನೆಗೂ ಸುಖಾಂತವಾಯಿತು. ಜಮೀನು ಚೋಮನಿಗೆ ಸಿಗದಿದ್ದರೇನಂತೆ, ಚೋಮನ ಮೇಲೆ ಬರೆಯುವವರಿಗೆ ಸಿಗುವಂತಾಯಿತಲ್ಲ!

ಮಳೆಯ ಆರಾಧಕರೇ,

'ಚೋಮನ ದುಡಿ' ಬಂದ 1933ರಲ್ಲೇ ನಮ್ಮ ವಾಣಿವಿಲಾಸ ಸಾಗರವೂ ಕೋಡಿ ಬಿದ್ದಿತ್ತು. ಮೈಸೂರು ಅರಸರು 1907ರಲ್ಲಿ ಕಟ್ಟಿ ಮುಗಿಸಿದ ಈ ಮಾರಿಕಣಿವೆ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, ಅಂದರೆ 89 ವರ್ಷಗಳ ಮೇಲೆ. ಆ ದಿನಗಳಲ್ಲಿ ಕೋಡಿ ನೋಡಲು ಬಂದ ಜನಕ್ಕೆ ಲೆಕ್ಕವಿಲ್ಲ. ಕವಿಗಳೂ ಬಂದಿದ್ದರು, ಫೋಟೋ ತೆಗೆದುಕೊಂಡರು, ವೇದಾವತಿಯನ್ನು ತಾಯಿ ಎಂದರು. ನೋಡಿದವರ ಕಣ್ಣು ತುಂಬಿ ಬರುವ ದೃಶ್ಯವೇ ಅದು.

ಆದರೆ ಕಟ್ಟೆಯ ನೀರು ಕೋಡಿಯಿಂದ ಹೊಲಕ್ಕೆ ಬರುವುದಿಲ್ಲ, ತೂಬಿನಿಂದ ಬರುತ್ತದೆ. ತೂಬಿನ ಹತ್ತಿರದ ಹೊಲ, ನಾಲೆಯ ಕೊನೆಯ ಹೊಲ ಎಂದು ಎರಡು ಜಾತಿ. ಮೊದಲನೆಯದರಲ್ಲಿ ತೆಂಗು, ಅಡಿಕೆ, ಎರಡನೆಯದರಲ್ಲಿ ಅರ್ಜಿ. ನೀರು ಬಿಡುವ ಸರದಿ ಯಾರದು, ರಾತ್ರಿ ನಾಲೆಗೆ ಅಡ್ಡ ಕಟ್ಟಿದವರು ಯಾರು, ಅದನ್ನು ಕಂಡೂ ಕಾಣದಂತೆ ಹೋದವರು ಯಾರು ಎಂಬಿಷ್ಟನ್ನು ಬರೆದರೆ ಒಂದು ಊರಿನ ಮೇಲು ಕೀಳುಗಳ ಚರಿತ್ರೆ ಪೂರ್ತಿಯಾಗಿಬಿಡುತ್ತದೆ. ಈ ಅಪಾಯವನ್ನು ತಾವು ಜಾಣತನದಿಂದ ತಪ್ಪಿಸಿದ್ದೀರಿ. ಮಳೆಯಾದರೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ, ನಾಲೆಯ ನೀರು ಹಾಗಲ್ಲ. ಅದಕ್ಕೇ ತಮ್ಮ ಕಾದಂಬರಿಗಳಲ್ಲಿ ಮಳೆ ಜಾಸ್ತಿ. ನಮ್ಮ ಸೀಮೆಗೆ ಹವಾಮಾನ ಇಲಾಖೆ ಎಂದೂ ಕೊಡದಷ್ಟು ಮಳೆಯನ್ನು ತಾವು ಪುಟಪುಟದಲ್ಲೂ ಸುರಿಸಿದ್ದೀರಿ.

ಮೌನದ ಉಪಾಸಕರೇ,

ತಮ್ಮ ಕೀರ್ತಿ ಊರಿಗೆ ಹಬ್ಬಲೆಂದು ಓದುಗರೆಲ್ಲರ ಪರವಾಗಿ ಇದನ್ನು ಬರೆಯುತ್ತಿರುವ ನಾನು ಮೊನ್ನೆ ಒಂದು ಸಣ್ಣ ಪ್ರಯತ್ನ ಮಾಡಿದೆ. ನ್ಯಾಯಬೆಲೆ ಅಂಗಡಿಯ ಮುಂದೆ, ಸರ್ವರ್ ಬಂದ ಮೇಲೆ ಬೆರಳು ಒತ್ತಲೆಂದು ಕಾದು ಕೂತವರ ನಡುವೆ ನಿಂತು, ಇತ್ತೀಚೆಗೆ ಬಹಳ ಹೊಗಳಿಸಿಕೊಂಡ ಒಂದು ಕಥೆಯನ್ನು ಗಟ್ಟಿಯಾಗಿ ಓದಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್, ಹನ್ನೆರಡನೆಯ ಮಹಡಿ. ಕೆಲಸದಾಕೆ ಪಾತ್ರೆ ತೊಳೆಯುತ್ತಿದ್ದಾಳೆ. ಯಜಮಾನಿ ಅವಳ ಒಡೆದ ಹಿಮ್ಮಡಿಯನ್ನು ನೋಡಿ ತನ್ನ ಒಂಟಿತನ ನೆನೆದು ಕಣ್ಣೀರಿಡುತ್ತಾಳೆ. ಹಳೆಯ ಸೀರೆಯೊಂದನ್ನು ಕೊಡುತ್ತಾಳೆ. ಕೆಲಸದಾಕೆ ಮಾತಾಡುವುದಿಲ್ಲ. ಹೊರಗೆ ಮಳೆ.

ಮುಗಿಸಿ ಕನ್ನಡಕ ಒರೆಸಿಕೊಂಡೆ. ಜನ ಇನ್ನೂ ನನ್ನ ಮುಖ ನೋಡುತ್ತಿದ್ದರು.

"ತಿಂಗಳಿಗೆ ಏನ್ ಕೊಡ್ತಿದ್ರಂತೆ ಮೇಷ್ಟ್ರೇ?" ಎಂದಳು ಒಬ್ಬಳು.

"ಅದು ಕಥೆಯಲ್ಲಿಲ್ಲಮ್ಮ."

"ಪಾತ್ರೆ ಒಂದೇನಾ? ಬಟ್ಟೆ, ನೆಲ ಒರ್ಸೋದು ಎಲ್ಲಾನೂನಾ?"

"ಅದೂ ಇಲ್ಲ."

ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಬಂದ ಹುಡುಗನೊಬ್ಬ ಎದ್ದು ನಿಂತ. "ಹನ್ನೆರಡನೇ ಮಾಡಿಗೆ ಯಾವ ಲಿಫ್ಟ್‌ನಾಗೆ ಹೋಗ್ತಿದ್ಲು, ಬರ್ದವ್ರಾ? ಅವ್ರಿಗೆ ಬೇರೆ ಲಿಫ್ಟ್ ಇರ್ತದೆ ಮೇಷ್ಟ್ರೇ, ಕಸ ತಗಂಡ್ ಹೋಗೋ ಲಿಫ್ಟು. ಒಂದಿನ ನಾನು ಇನ್ನೊಂದ್ರಾಗೆ ಹತ್ತಿದ್ದಕ್ಕೆ ಸೆಕ್ಯೂರಿಟಿ ಕರ್ಸಿದ್ರು."

ಇವರೆಲ್ಲ ಕಥೆಯನ್ನು ಲೆಕ್ಕದ ಪುಸ್ತಕವೆಂದು ತಿಳಿದಿದ್ದಾರೆ ಎಂದು ನನಗೆ ನಾಚಿಕೆಯಾಯಿತು. ಸಮಾಧಾನವಾಗಿ ತಿಳಿಹೇಳಿದೆ. ಇದು ಸಂಬಳದ ಕಥೆಯಲ್ಲ, ಇಬ್ಬರು ಹೆಂಗಸರ ನಡುವೆ ಮಾತಿಗೆ ಮೀರಿದ ಒಂದು ನಂಟಿನ ಕಥೆ. ಅವಳ ಮೌನದಲ್ಲೇ ಎಲ್ಲ ಪ್ರತಿಭಟನೆಯೂ ಅಡಗಿದೆ.

ಅಷ್ಟು ಹೊತ್ತು ಸುಮ್ಮನೆ ಎಲೆ ಅಡಿಕೆ ಜಗಿಯುತ್ತಿದ್ದ ಒಂದು ಹಣ್ಣುಮುದುಕಿ ಕೇಳಿತು: "ಸಂಬಳ ಕೇಳಾ ದಿನ ಯಾವಳು ಸುಮ್ಕಿರ್ತಾಳೆ ಮೇಷ್ಟ್ರೇ?"

ಇಂಥವರಿಗೆ ಸಾಹಿತ್ಯದ ರುಚಿ ಹತ್ತಿಸುವುದು ಎಷ್ಟು ಕಷ್ಟ ಎಂಬುದು ತಮ್ಮ ಗಮನಕ್ಕೆ ಬರಲೆಂದು ಇದನ್ನು ನಿವೇದಿಸಿಕೊಂಡಿದ್ದೇನೆ.

ಶಿಸ್ತಿನ ಸಿಪಾಯಿಗಳೇ,

ತಮ್ಮ ಬಳಗದಲ್ಲಿ ಕೆಲವರು ಶಿಸ್ತು ಮುರಿದಿದ್ದಾರೆ. ಸನ್ಮಾನದ ಸಂದರ್ಭದಲ್ಲಿ ದೂರು ಹೇಳಬಾರದು, ಆದರೂ ಹೇಳದೆ ವಿಧಿಯಿಲ್ಲ. ಮೊದಲನೆಯವರು ದೇವನೂರ ಮಹಾದೇವ. ಅವರ 'ಒಡಲಾಳ'ದಲ್ಲಿ ಸಾಕವ್ವನ ಮನೆಗೆ ಎತ್ತಪ್ಪನ ಗೋಡೌನಿನಿಂದ ಕದ್ದ ಕಡ್ಲೆಕಾಯಿ ಬರುತ್ತದೆ. ಮನೆ ಮಂದಿಯೆಲ್ಲ ರಾತ್ರಿ ಬೆಂಕಿಯ ಸುತ್ತ ಕೂತು ಒಂದು ಕಾಳೂ ಉಳಿಯದಂತೆ ತಿಂದು ಮುಗಿಸುತ್ತಾರೆ. ಪೊಲೀಸರು ಬಂದು ತಡಕಾಡಿದರೆ ಏನೂ ಸಿಗುವುದಿಲ್ಲ. ಇದರಲ್ಲಿ ತಪ್ಪುಗಳು ಒಂದೆರಡಲ್ಲ. ಗೋಡೌನು ಯಾರದೆಂದು ಹೆಸರು ಹೇಳಿದ್ದು ಒಂದು. ಹಸಿದವರಿಗೆ ಹಸಿವಿನ ಜೊತೆ ನಗುವನ್ನೂ ಕೊಟ್ಟದ್ದು ಇನ್ನೊಂದು. ಇವರು ತಿನ್ನುವಾಗ ಓದುಗನಿಗೆ ಅಯ್ಯೋ ಎನ್ನಿಸುವುದಿಲ್ಲ, ಬಾಯಲ್ಲಿ ನೀರೂರುತ್ತದೆ. ಬಡವನನ್ನು ನೋಡಿ ಕರುಣೆಯ ಬದಲು ಹೊಟ್ಟೆಕಿಚ್ಚು ಬಂದರೆ ಸಾಹಿತ್ಯದ ಗತಿಯೇನು?

ನಮ್ಮದು ಕಡ್ಲೆಕಾಯಿ ಬೆಳೆಯುವ ಜಿಲ್ಲೆ, ಚಳ್ಳಕೆರೆಗೆ ಎಣ್ಣೆ ನಗರವೆಂದೇ ಹೆಸರು. ಹೊಲದಲ್ಲಿ ಕಾಯಿ ಬಿಡಿಸಿ ಸೇರಿನ ಲೆಕ್ಕದಲ್ಲಿ ಕೂಲಿ ಪಡೆದ ಹೆಂಗಸರಿಗೆ ಈ ಕಥೆ ಓದಿ ಹೇಳಿದ್ದೇ ತಪ್ಪಾಯಿತು. ಅಷ್ಟು ಜನ ಅಷ್ಟು ಕಾಯಿ ಒಂದು ರಾತ್ರಿಗೆ ತಿಂದಾರೇ ಎಂದು ಲೆಕ್ಕ ಹಾಕುತ್ತ, ತಮ್ಮ ತಮ್ಮ ಮನೆಯಲ್ಲಾದರೆ ಎಷ್ಟು ಹೊತ್ತು ಬೇಕಾದೀತು ಎಂದು ಪಂಥ ಕಟ್ಟುತ್ತ, ಹೊತ್ತು ಮುಳುಗಿದರೂ ಏಳಲೇ ಇಲ್ಲ. ಎತ್ತಪ್ಪನ ಗೋಡೌನಿಗೆ ಅಷ್ಟು ಮೂಟೆ ಎಲ್ಲಿಂದ ಬಂತು ಎಂದೂ ಒಬ್ಬಳು ಕೇಳಿದಳು. ಅಂಥ ಪ್ರಶ್ನೆ ಹುಟ್ಟಿಸುವ ಪುಸ್ತಕ ಅಪಾಯಕಾರಿಯಲ್ಲದೆ ಮತ್ತೇನು?

ಎರಡನೆಯವರು ವಿವೇಕ ಶಾನಭಾಗ. 2013ರಲ್ಲಿ ಬಂದ ಅವರ 'ಘಾಚರ್ ಘೋಚರ್' ಮಧ್ಯಮವರ್ಗದ ಒಂದು ಮನೆಯ ಕಥೆ. ಇಕ್ಕಟ್ಟಿನ ಮನೆ, ಇರುವೆ ಕಾಟ, ಸೇಲ್ಸ್‌ಮನ್ ಅಪ್ಪನ ಬಿಗಿ ಲೆಕ್ಕ. ಇಲ್ಲಿಯವರೆಗೆ ಎಲ್ಲ ಸರಿ. ಚಿಕ್ಕಪ್ಪ ಮಸಾಲೆ ಪುಡಿಯ ವ್ಯಾಪಾರ ಶುರುಮಾಡಿ ದುಡ್ಡು ಬಂದ ಕೂಡಲೇ ಶುಭಂ ಹೇಳಿ ಎದ್ದುಬಿಡಬೇಕಿತ್ತು. ಶಾನಭಾಗರ ಕಥೆ ಏಳುವುದೇ ಅಲ್ಲಿಂದ. ಏನೂ ಕೆಲಸ ಮಾಡದ ಮಗನಿಗೆ ಕಂಪನಿಯ ಸಂಬಳ. ದುಡ್ಡು ತರುವ ಚಿಕ್ಕಪ್ಪನನ್ನು ನಡೆಸಿಕೊಳ್ಳುವ ನಾಜೂಕು. ಅವನನ್ನು ಹುಡುಕಿಕೊಂಡು ಸಾರಿನ ಡಬ್ಬಿ ಹಿಡಿದು ಬಂದ ಹೆಣ್ಣನ್ನು ಮನೆಯ ಹೆಂಗಸರೇ ಬೈದು ಅಟ್ಟುವ ಒಗ್ಗಟ್ಟು. ಬೇರೆಯವರ ಮನೆಯ ಬಡತನವನ್ನು ಬಿಟ್ಟು ಸ್ವಂತ ಮನೆಯ ಸಿರಿತನದ ಬೆಲೆ ಯಾರು ತೆತ್ತರು ಎಂದು ನೋಡುವುದು ಎಂಥ ಸಂಪ್ರದಾಯ? ಸಾಲದ್ದಕ್ಕೆ ಕಾಫಿ ಹೌಸಿನ ಮಾಣಿ ಏನು ಹೇಳಿದರೂ ಅದರಲ್ಲಿ ವೇದಾಂತ ಕಾಣುವ ನಿರೂಪಕನನ್ನಿಟ್ಟು, ಮಾಣಿಯನ್ನು ಜ್ಞಾನಿಯಾಗಿಸಿ ಟಿಪ್ಸ್‌ನಲ್ಲೇ ಮುಗಿಸುವ ನಮ್ಮೆಲ್ಲರ ಹಳೆಯ ಚಟವನ್ನು ಹೊರಗೆ ಹಾಕಿದ್ದಾರೆ. ಅದೃಷ್ಟಕ್ಕೆ ಪುಸ್ತಕ ಸಣ್ಣದು. ಓದಿದವರೆಲ್ಲ ಅದು ಪಕ್ಕದ ಮನೆಯವರ ಕಥೆ ಎಂದುಕೊಂಡದ್ದರಿಂದ ಹೆಚ್ಚಿನ ಅನಾಹುತವಾಗಲಿಲ್ಲ.

ಮೂರನೆಯವರು ಮಂಗಳೂರಿನಲ್ಲಿ ಬೆಳೆದು ಇಂಗ್ಲಿಷಿನಲ್ಲಿ ಬರೆದ ಅರವಿಂದ ಅಡಿಗ. 2008ರಲ್ಲಿ ಬೂಕರ್ ಪಡೆದ 'ದಿ ವೈಟ್ ಟೈಗರ್'ನಲ್ಲಿ ಅವರು ಕಥೆ ಹೇಳುವ ಕೆಲಸವನ್ನು ಕಾರಿನ ಡ್ರೈವರನಿಗೇ ಒಪ್ಪಿಸಿದರು. ಆದದ್ದೇನು? ಯಜಮಾನನನ್ನು ಕೊಂದು, ದುಡ್ಡಿನ ಚೀಲ ಹೊತ್ತು ನಮ್ಮ ಬೆಂಗಳೂರಿಗೇ ಬಂದು ಟ್ಯಾಕ್ಸಿ ಕಂಪನಿ ತೆರೆದ. ಅದನ್ನೆಲ್ಲ ಚೀನಾದ ಪ್ರಧಾನಿಗೆ ಕಾಗದ ಬರೆದು ತಿಳಿಸಿಯೂಬಿಟ್ಟ. ಹೆದ್ದಾರಿಯಲ್ಲಿ ತಾವು ಹಿಂದಿನ ಸೀಟಿನಲ್ಲಿ ಕೂತು ಶೋಷಿತರ ಮೇಲೆ ಟಿಪ್ಪಣಿ ಮಾಡಿಕೊಳ್ಳುವಾಗ ಮುಂದಿನ ಸೀಟಿನವನ ಹೆಸರನ್ನೂ ಕೇಳುವುದಿಲ್ಲವಷ್ಟೇ. ಅದು ಕೇವಲ ಮರೆವಲ್ಲ, ಸ್ವರಕ್ಷಣೆ.

ಶ್ರಮವಿಭಜನೆಯ ಪ್ರವೀಣರೇ,

ವರ್ಗದ ವಿಚಾರದಲ್ಲಿ ಕನ್ನಡ ಕಥೆಗೆ ಬಹಳ ಹಿಂದಿನಿಂದಲೂ ಒಂದು ಮೀಸಲಾತಿ ಇತ್ತು. ಒಂದಾನೊಂದು ಊರಿನಲ್ಲಿ ಬಡವನಿದ್ದರೆ ಅವನು ಬ್ರಾಹ್ಮಣನೇ ಆಗಿರುತ್ತಿದ್ದ. ಉಳಿದವರಿಗೆ ಬಡತನ ಸುದ್ದಿಯಲ್ಲ, ಹಾಗಾಗಿ ಕಥೆಯೂ ಅಲ್ಲ. ಈ ನೆಮ್ಮದಿಯನ್ನು ಕೆಡಿಸಿದವರು ಬಿ. ಬಸವಲಿಂಗಪ್ಪ. 1973ರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು, ಗಲಾಟೆಯಾಯಿತು, ಮಂತ್ರಿಗಿರಿ ಹೋಯಿತು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದವರಿಗೆ ಅದು ಸಿಗದೆ, ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಆಮೇಲೆ ಎಲ್ಲರಿಗೂ ಬಡತನದ ಹಕ್ಕು ಸಿಕ್ಕಿತು.

ಹಕ್ಕು ಸಿಕ್ಕ ಮೇಲೆ ಒಂದು ಗೊಂದಲ ಉಳಿದಿತ್ತು, ಬರೆಯುವವರು ಯಾರು ಎಂದು. ಅದನ್ನೂ ತಾವು ಸೊಗಸಾಗಿ ಬಗೆಹರಿಸಿದ್ದೀರಿ. ಕೇರಿಯವನು ಬರೆದರೆ ಅದು ಆತ್ಮಕಥೆ, ಊರಿನವನು ಬರೆದರೆ ಕಾದಂಬರಿ. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದಾಗ ಎಲ್ಲರೂ ಎಂಥ ಅನುಭವ, ಎಂಥ ಅನುಭವ ಎಂದರು. ಆ ಪುಟಗಳ ನಗೆಯ ಹದ, ಮಾತಿನ ಕುಶಲತೆ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಅನುಭವ ಅವರ ಪಾಲಿಗೆ, ಕಲ್ಪನೆ ತಮ್ಮ ಪಾಲಿಗೆ. ಹೊಲ ಗೇಯುವುದು ಒಬ್ಬರು, ಬೆಳೆ ಒಯ್ಯುವುದು ಇನ್ನೊಬ್ಬರು ಎಂಬ ಪದ್ಧತಿಗೆ ಒಗ್ಗಿಹೋದ ನಮಗೆ ಇದು ಹೊಸದೆನ್ನಿಸಲಿಲ್ಲ.

ತಮ್ಮ ಇನ್ನೊಂದು ಕೌಶಲ್ಯವನ್ನೂ ಹೊಗಳಲೇಬೇಕು. ಜಾತಿಯ ಹೆಸರೆತ್ತದೆ ಬಡವನನ್ನು ಬರೆಯುವ ಕೌಶಲ್ಯ ಅದು. ನಮ್ಮ ಕಡೆ ಒಂದು ಊರೆಂದರೆ ಅದರೊಳಗೆ ಎಕೆ ಕಾಲೋನಿ, ಊರಾಚೆ ಗೊಲ್ಲರಹಟ್ಟಿ, ಅದರಾಚೆ ತಾಂಡಾ. ಯಾವ ಬೀದಿಗೆ ಸಿಮೆಂಟು ಮೊದಲು ಬಿತ್ತು ಎಂದು ಕೇಳಿದರೆ ಉಳಿದ ಸಮಾಜಶಾಸ್ತ್ರವೆಲ್ಲ ತಾನಾಗಿ ತಿಳಿಯುತ್ತದೆ. ತಮ್ಮ ಕಾದಂಬರಿಯ ಊರಿನಲ್ಲಿ ಇಂಥ ಗಡಿಗಳಿಲ್ಲ. ಅಲ್ಲಿ ಇರುವುದು ಮನುಷ್ಯ ಮಾತ್ರ. ಆ ಊರಿನಲ್ಲಿ ಒಂದು ಸೈಟು ಸಿಗುವುದಾದರೆ ನಾವೆಲ್ಲ ಅಲ್ಲಿಗೇ ಹೋಗಿ ಇರಲು ಸಿದ್ಧ.

ಔದಾರ್ಯನಿಧಿಗಳೇ,

ಪುಸ್ತಕ ಬಡವನ ಕೈಗೆ ಸಿಗುತ್ತದೆಯೇ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಅದೇನೂ ದೂರವಿಲ್ಲ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ ₹370 ಇತ್ತು. ತಕ್ಕಮಟ್ಟಿಗೆ ದಪ್ಪ ಇರುವ ಹೊಸ ಕಾದಂಬರಿಯ ಬೆಲೆಯೂ ಅದರ ಆಸುಪಾಸಿನಲ್ಲೇ ಇದೆ. ಒಂದು ದಿನ ಬಿಸಿಲಲ್ಲಿ ಚೆಕ್ ಡ್ಯಾಮಿನ ಮಣ್ಣು ಹೊತ್ತು, ಆ ರಾತ್ರಿ ಮನೆಮಂದಿಗೆಲ್ಲ ಉಪವಾಸ ಕೆಡವಿದರೆ, ಮಣ್ಣು ಹೊರುವವರ ಕಷ್ಟದ ಬಗ್ಗೆ ಮುನ್ನೂರು ಪುಟ ಓದಬಹುದು. ಅದೂ ಆಗದವರಿಗೆ ಗ್ರಂಥಾಲಯವಿದೆ. 1965ರ ಗ್ರಂಥಾಲಯ ಕಾಯ್ದೆಯಂತೆ ಮನೆ ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂದು ನಾಮಕರಣವೂ ಆಗಿದೆ. ಸಗಟು ಖರೀದಿಯಲ್ಲಿ ಪುಟದ ಲೆಕ್ಕಕ್ಕೆ ಹಣ ಕೊಡುವುದರಿಂದ ತಮ್ಮ ನಾಯಕರು ಸಾಯುವುದಕ್ಕೆ ಅಷ್ಟು ಪುಟ ತೆಗೆದುಕೊಳ್ಳುತ್ತಾರೆ ಎಂಬುದು ಅಸೂಯೆಯ ಮಾತು, ಅದನ್ನು ನಾವು ನಂಬುವುದಿಲ್ಲ.

ನಮ್ಮನ್ನು ಚಿಂತೆಗೀಡುಮಾಡಿದ ಒಂದೇ ಬೆಳವಣಿಗೆ ಎಂದರೆ ಬಾನು ಮುಷ್ತಾಕ್ ಅವರದು. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೊಂದಿಗೆ ನಾವೂ ಕುಣಿದೆವು. ಕುಣಿದಾದ ಮೇಲೆ ಓದಿದೆವು, ಅಲ್ಲಿಂದ ನಿದ್ದೆ ಕೆಟ್ಟಿತು. 'ಕೆಂಪು ಲುಂಗಿ' ಎಂಬ ಕಥೆಯಲ್ಲಿ ಬಡವರ ಮಕ್ಕಳಿಗೆ ಸಾಮೂಹಿಕ ಸುನ್ನತ್, ಉಳ್ಳವರ ಮನೆಯ ಮಗನಿಗೆ ಡಾಕ್ಟರು. ಧರ್ಮ ಒಂದೇ, ವಿಧಿ ಒಂದೇ, ಚರ್ಮವೂ ಒಂದೇ, ಏರ್ಪಾಡು ಮಾತ್ರ ಎರಡು. ಕೊನೆಗೆ ಗಾಯ ಬೇಗ ಮಾಯುವುದು ಯಾರದೆಂದು ಓದಿದವರಿಗೆ ಗೊತ್ತು. ಹೀಗೆ ಒಂದೇ ಕಥೆಯಲ್ಲಿ ಉಳ್ಳವರನ್ನೂ ಇಲ್ಲದವರನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆದುಬಿಟ್ಟರೆ ಕಣ್ಣೀರಿಡಲು ಹೊತ್ತೆಲ್ಲಿ?

ಅದಕ್ಕಿಂತ ಅಪಾಯಕಾರಿಯಾದದ್ದು ಬಹುಮಾನದ ಕ್ರಮ. ಐವತ್ತು ಸಾವಿರ ಪೌಂಡನ್ನು ಬರೆದವರಿಗೂ ಅನುವಾದಿಸಿದ ದೀಪಾ ಭಾಸ್ತಿಯವರಿಗೂ ಸರಿಸಮವಾಗಿ ಹಂಚಿದರು. ಕೆಲಸ ಮಾಡಿದವರಿಗೆಲ್ಲ ಪಾಲು ಎಂಬ ಈ ವಿಲಾಯಿತಿ ಪದ್ಧತಿ ಇಲ್ಲಿಗೂ ಕಾಲಿಟ್ಟರೆ ಗತಿಯೇನು? ನಾಳೆ ಕರಡು ತಿದ್ದಿದವನು ಕೇಳುತ್ತಾನೆ, ಪುಸ್ತಕ ಹೊಲಿದವಳು ಕೇಳುತ್ತಾಳೆ, ಗೋಷ್ಠಿಯ ಊಟದ ಎಲೆ ಎತ್ತಿದವರೂ ಕೇಳುತ್ತಾರೆ. ಮಂಡ್ಯದಲ್ಲಿ 2024ರ ಡಿಸೆಂಬರಿನ ಸಮ್ಮೇಳನಕ್ಕೆ ಬಾಡೂಟ ಬೇಕೆಂದು ಜನ ಕೇಳಿದ್ದಕ್ಕೇ ಎಷ್ಟು ಗೊಂದಲವಾಯಿತು ಎಂಬುದು ತಮಗೆ ನೆನಪಿರಬೇಕು.

ಇಂಥ ಕಾಲದಲ್ಲಿ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಒಂದು ಮಾತನ್ನು ಬಿಟ್ಟು ಅಸಮಾನತೆಯ ಬಗ್ಗೆ ಉಳಿದೆಲ್ಲವನ್ನೂ ಬರೆದ ತಮಗೆ, ಹಾರ, ಹಣ್ಣಿನ ಬುಟ್ಟಿ ಮತ್ತು ಗಾಜಿನ ಚೌಕಟ್ಟು ಹಾಕಿಸಿದ ಈ ಬಿನ್ನವತ್ತಳೆಯನ್ನು ಅರ್ಪಿಸುತ್ತಿದ್ದೇವೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಇದನ್ನು ಹಿರಿಯೂರಿನಲ್ಲಿ ಟೈಪು ಮಾಡಿ, ಚೌಕಟ್ಟು ಹಾಕಿಸಿಕೊಟ್ಟ ಡಿಟಿಪಿ ಹುಡುಗನ ಬಾಕಿ ಇನ್ನೂ ಉಳಿದಿದೆ. ಚಂದಾ ಹಣ ಹಾರಕ್ಕೂ ಹಣ್ಣಿಗೂ ಮುಗಿದುಹೋಯಿತು. ಅವನು ಬಾಗಿಲ ಹೊರಗೇ ನಿಂತಿದ್ದಾನೆ. ತಾವು ದಯಮಾಡಿ ಅವನನ್ನು ಮುಂದಿನ ಕಾದಂಬರಿಯಲ್ಲಿ ಸೇರಿಸಿಕೊಳ್ಳಬೇಕು. ತೇವವಾದ ಕಣ್ಣು ಕೊಡಿ, ಬಾಲ್ಯದ ಒಂದು ನೆನಪು ಕೊಡಿ, ಸಾಧ್ಯವಾದರೆ ಕೊನೆಯ ಅಧ್ಯಾಯದಲ್ಲಿ ಮಳೆಯಲ್ಲಿ ನೆನೆಸಿ. ಅವನು ಕೇಳುತ್ತಿರುವುದು ನಾನೂರ ಐವತ್ತು ರೂಪಾಯಿ ಅಷ್ಟೇ. ಪಾತ್ರವಾಗಿಬಿಟ್ಟರೆ ಮತ್ತೆ ಕೇಳಲಾರ.

ಇಂತಿ ತಮ್ಮ ವಿಧೇಯ ಓದುಗರು,
ಆದಿವಾಲ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ